ಎದೆಬಡಿತದ ಶುದ್ಧಪ್ರತಿ

ಗಿಲ್‌ರಾಯ್
೧೮ ಸೆಪ್ಟೆಂಬರ್ ೨೦೦೦, ಸೋಮವಾರ

ತಮ್ಮ ಸೋಮಲಿಂಗಪ್ಪನ ಹೃದಯದ ಚಿಕಿತ್ಸೆಗೆ ಈ ವಾರ ಒಂದು ವರ್ಷ ತುಂಬಿತು. ತೊಡೆಯ ಸಂದಿಯ ರಕ್ತನಾಳದಿಂದ ತೆಳ್ಳನೆಯ ತಂತಿಗಳನ್ನು ಹೃದಯದವರೆಗೆ ಸಾಗಿಸಿ, ತಾಳ ತಪ್ಪಿದ ಮಿಡಿತ ಹುಟ್ಟುವ ಜಾಗಗಳನ್ನು ಚುಕ್ಕೆ ಚುಕ್ಕೆಯಾಗಿ ಸುಟ್ಟ ಚಿಕಿತ್ಸೆ ಅದು. ಹೊಸ ವಿದ್ಯೆ. ಹಾಗೆ ಸುಟ್ಟ ಮೇಲೆ ಎಷ್ಟು ಜನ ಎಷ್ಟು ಕಾಲ ನೆಟ್ಟಗಿರುತ್ತಾರೆಂಬುದು ಸುಟ್ಟವರಿಗೇ ಇನ್ನೂ ತಿಳಿಯದು. ಅದನ್ನು ತಿಳಿಯಲೆಂದೇ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಓಕ್ಲ್ಯಾಂಡಿನ ಆಸ್ಪತ್ರೆಯವರು ನಲವತ್ತು ರೋಗಿಗಳ ಬೆನ್ನುಹತ್ತಿ ಎರಡು ವರ್ಷ ಲೆಕ್ಕವಿಡುತ್ತಿದ್ದಾರೆ. ಸೋಮಲಿಂಗ ಅವರಲ್ಲೊಬ್ಬ.

ಪ್ರತಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಗೈಯಗಲದ ಒಂದು ಯಂತ್ರವನ್ನು ಅವನು ಎದೆಗೆ ಒತ್ತಿ ಹಿಡಿಯುತ್ತಾನೆ. ಯಂತ್ರ ಮಿಡಿತವನ್ನು ಕೀರಲು ದನಿಯಾಗಿಸಿ ಫೋನಿನಲ್ಲಿ ಕಳುಹಿಸುತ್ತದೆ. ಆ ತುದಿಯಲ್ಲಿ ನರ್ಸ್ ಪದ್ಮಜಾ ಅದನ್ನು ಕಾಗದದ ಮೇಲಿನ ಗೆರೆಯಾಗಿ ನೋಡುತ್ತಾಳೆ. ಇದಲ್ಲದೆ ಯಾವಾಗ ಎದೆ ಅದುರಿದರೂ ಒಡನೆಯೇ ಫೋನು ಮಾಡಬೇಕು. ತಿಂಗಳಿಗೊಮ್ಮೆ ಲಕ್ಷಣಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಕಳುಹಿಸಬೇಕು.

ಪಟ್ಟಿಯ ಕೆಲಸ ನನ್ನದು. ಸೋಮಲಿಂಗ ಬೆಳ್ಳುಳ್ಳಿ ಒಣಗಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಇಂಗ್ಲಿಷ್ ಮಾತನಾಡುತ್ತಾನೆ, ಬರೆಯಲಾರ. ನರ್ಸಾಗಿದ್ದ ಅವನ ಹೆಂಡತಿ ಊರ್ಮಿಳಾ ಎಲ್ಲ ಅರ್ಜಿಗಳನ್ನೂ ತುಂಬುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಶಾಲೆಯ ಕೆಲಸದಿಂದ ನಿವೃತ್ತಿಯಾಗಿದ್ದ ನಾನು ಊರಿನಿಂದ ಇಲ್ಲಿಗೆ ಬಂದು ಆ ಕೆಲಸ ವಹಿಸಿಕೊಂಡು ಆರು ವರ್ಷವಾಯಿತು. ಅವನು ಒಂದು ಸಣ್ಣ ವಹಿಯಲ್ಲಿ ಕನ್ನಡದಲ್ಲಿ ಗೀಚುತ್ತಾನೆ. ನಾನು ಅದನ್ನು ತಿದ್ದಿ ಶುದ್ಧಪ್ರತಿ ಮಾಡುತ್ತೇನೆ. ಅವನ ಬರವಣಿಗೆ ಹೀಗಿದೆ: "ಮಂಗಳವಾರ. ಎಂಜಿನ್ ಎರಡ ಸಲ ಮಿಸ್ ಹೊಡೀತು. ಆಮ್ಯಾಲೆ ಸರಿ." ಹೃದಯವೆಂದರೇನು, ಕನ್ವೇಯರಿನ ಬೆಲ್ಟೇ?

ಇಂದು ಪದ್ಮಜಾ ಹೇಳಿದಳು: "ಟೀಚರ್, ಅಂಕಲ್ ರಿಸಲ್ಟು ಸೂಪರ್. ಒಂದ್ ವರ್ಷಕ್ಕೆ ಒಂದೂ ಎಪಿಸೋಡ್ ಇಲ್ಲದೆ ಇರೋರು ಏಳೇ ಜನ, ಅದ್ರಲ್ಲಿ ಅಂಕಲ್ ಒಬ್ರು. ಇನ್ನಾರ್ ತಿಂಗಳು ಹೀಗೇ ಕ್ಲೀನಾಗಿದ್ರೆ ಬ್ಲಡ್ ಥಿನ್ನರ್ ನಿಲ್ಲಿಸ್ಬೋದು ಅಂದ್ರು ಡಾಕ್ಟ್ರು."

"ಫಲಿತಾಂಶ ಎನ್ನಮ್ಮಾ. ರಿಸಲ್ಟು ಎಂಬುದು ಯಾವ ಭಾಷೆ?" ಎಂದೆ.

"ಸಾರಿ ಟೀಚರ್. ಫಲಿತಾಂಶ ಸೂಪರ್."

ಬೆಂಗಳೂರಿನ ಹುಡುಗಿಗೆ ಇಷ್ಟಾದರೂ ಬಂತಲ್ಲ. ಮಂಗಳವಾರದ ಎರಡು ಮಿಡಿತಗಳನ್ನು ನಾನು ಪಟ್ಟಿಗೆ ಏರಿಸಲಿಲ್ಲ. ಹಿಂದಿನ ಸಂಜೆ ಅವನು ಹಸಿಮೆಣಸಿನಕಾಯಿಯ ಖಾರವನ್ನು ಮಿತಿಮೀರಿ ತಿಂದಿದ್ದ. ಅದು ಅಜೀರ್ಣ.

೫ ಅಕ್ಟೋಬರ್ ೨೦೦೦, ಗುರುವಾರ

ಸಂಜೆ ಕೆಲಸದಿಂದ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಬಟ್ಟೆಯಿಂದ ಬೆಳ್ಳುಳ್ಳಿಯ ಘಾಟು.

"ಅಕ್ಕಾ, ಎದಿ ಸ್ವಲ್ಪ ಹಾರಾಕತ್ತೈತಿ. ಫೋನ್ ಹಚ್ಚಲೇನು?"

ಯಂತ್ರವಿರುವುದು ನನ್ನ ಬೀರುವಿನಲ್ಲಿ. ಅವನ ಕೈಗೆ ಕೊಟ್ಟರೆ ಕಾರ್ಖಾನೆಯ ಉಪಕರಣಗಳ ಜೊತೆ ಬೆರೆತುಹೋಗುತ್ತದೆಂದು ನಾನೇ ಇಟ್ಟುಕೊಂಡಿದ್ದೇನೆ. "ಎದಿ ಅಲ್ಲ, ಎದೆ. ಮೊದಲು ಕುಳಿತುಕೋ. ಮಜ್ಜಿಗೆ ಕುಡಿ," ಎಂದೆ.

"ಹೂಂ," ಎಂದು ಕುಳಿತು ಕುಡಿದ. ಇಪ್ಪತ್ತು ನಿಮಿಷದ ಬಳಿಕ ಕೇಳಿದರೆ "ಈಗ ಹಗೂರ ಆತು" ಎಂದ. ಮಜ್ಜಿಗೆಗೆ ಶಮನವಾಗುವುದು ಹೃದಯದ ಕಾಯಿಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಆದರೂ ಅವನು ವಹಿಯಲ್ಲಿ ಬರೆದಿದ್ದಾನೆ: "ಗುರುವಾರ ಎದಿ ಡವಡವ. ಅರ್ಧಾ ತಾಸು. ಅಕ್ಕ ಮಜ್ಜಿಗಿ ಕೊಟ್ಲು."

೨೦ ನವೆಂಬರ್ ೨೦೦೦, ಸೋಮವಾರ

ಈ ತಿಂಗಳ ಪಟ್ಟಿ ಕಳುಹಿಸಿದೆ. "ಯಾವ ತೊಂದರೆಯೂ ಇಲ್ಲ." ವಹಿಯಲ್ಲಿ ಎರಡು ಕಡೆ ಡವಡವ ಎಂದಿತ್ತು.

ಕಾರಣಗಳನ್ನು ನನಗಾಗಿಯೇ ಬರೆದಿಡುತ್ತೇನೆ. ಚಿಕಿತ್ಸೆ ಬೇಡವೆಂದಿದ್ದವನು ಅವನು. "ಗುಳಿಗಿ ನುಂಗಿಕೋತ ಇರ್ತೀನಿ ಬಿಡ ಅಕ್ಕಾ. ಬಂದಾಗ ಬರ್ತೈತಿ, ಹೋದಾಗ ಹೋಗ್ತೈತಿ," ಎನ್ನುತ್ತಿದ್ದ. ಆಸ್ಪತ್ರೆಯವರ ಹೊತ್ತಗೆಯನ್ನು ಮೂರು ಸಲ ಓದಿ, ಇದು ರೋಗವನ್ನು ಬೇರುಸಹಿತ ಕೀಳುವ ಚಿಕಿತ್ಸೆಯೆಂದು ಅವನ ಎದುರು ಕುಳಿತು ಬೋಧಿಸಿದವಳು ನಾನು. ಎಂಟು ವರ್ಷ ಚಿಕ್ಕವನು, ನನ್ನ ಕೈಯಲ್ಲೇ ಅಕ್ಷರ ಕಲಿತವನು, ಒಪ್ಪಿದ. ಆಮೇಲೆ ತೊಡೆಯ ಒಳಗೆ ರಕ್ತ ಸೋರಿ, ಮೊಣಕಾಲಿನವರೆಗೆ ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹನ್ನೊಂದು ದಿನ ಮಂಚದ ಮೇಲಿದ್ದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ರೋಗ ಮರಳಿದೆಯೆಂದು ಬರೆದರೆ ಅವರು ಮತ್ತೊಮ್ಮೆ ಸುಡೋಣ ಎನ್ನುತ್ತಾರೆ. ಅವನನ್ನು ಅದರಿಂದ ಕಾಪಾಡುತ್ತಿದ್ದೇನೆ.

ಮೇಲಿನ ವಾಕ್ಯವನ್ನು ಎರಡು ಸಲ ಓದಿದೆ. ವಾಕ್ಯರಚನೆಯಲ್ಲಿ ದೋಷವಿಲ್ಲ.

೨೦ ಜನವರಿ ೨೦೦೧, ಶನಿವಾರ

ಸ್ನೇಹಲ್ ಮನೆಗೆ ಬಂದಳು. ಸೋಮಲಿಂಗನ ಮಗಳು, ಇಪ್ಪತ್ತಾರರ ಹುಡುಗಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವಳಿದ್ದ ಕಂಪನಿ ಅಂತರಜಾಲದಲ್ಲಿ ಮದುವೆಯ ಉಡುಗೊರೆಗಳನ್ನು ಮಾರುತ್ತಿತ್ತು. ಗುರುವಾರ ಎಲ್ಲರನ್ನೂ ಒಂದು ಕೋಣೆಗೆ ಕರೆದು, ಪಿಜ್ಜಾ ತಿನ್ನಿಸಿ, ಇಂದಿಗೆ ಮುಗಿಯಿತು ಎಂದರಂತೆ. ಎರಡು ಪೆಟ್ಟಿಗೆ, ಒಂದು ಕಂಪ್ಯೂಟರು, ಕಚೇರಿಯ ಗಾಲಿಕುರ್ಚಿ ತಂದಿದ್ದಾಳೆ.

"ಕುರ್ಚಿ ಯಾಕೆ?" ಎಂದೆ.

"ಅತ್ಯಾ, ದೇ ಸೆಡ್ ಟೇಕ್ ಎನಿಥಿಂಗ್. ಎಲ್ಲರೂ ತಗೊಂಡ್ರು. ನನ್ನ ಬಾಸು ಗಿಡಾ ತಗೊಂಡು ಹೋದ."

ಅವಳ ಕಂಪ್ಯೂಟರು ದಿನವಿಡೀ ಫೋನಿನ ತಂತಿಯನ್ನು ಹಿಡಿದಿರುತ್ತದೆ. ಸೋಮವಾರ ಎಂಟರಿಂದ ಎಂಟೂವರೆಯವರೆಗೆ ಬಿಡಬೇಕೆಂದು ಆಜ್ಞೆ ಮಾಡಿದೆ. "ಓಕೆ, ಹೆಡ್‌ಮಿಸ್ಟ್ರೆಸ್," ಎಂದಳು. ಅವಳ ಅಪ್ಪ ನಕ್ಕ. ನಗುವಾಗ ಎದೆಯ ಮೇಲೆ ಕೈಯಿಟ್ಟುಕೊಂಡ. ಅದು ಅವನ ಅಭ್ಯಾಸವೇ ಇರಬಹುದು.

೯ ಫೆಬ್ರುವರಿ ೨೦೦೧, ಶುಕ್ರವಾರ

ಸ್ನೇಹಲ್‌ಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಬಾಲ್ಯದಲ್ಲಿ ಊರ್ಮಿಳೆಗೆ ಕಲಿಸಲು ಬಿಡುವಿರಲಿಲ್ಲ; ನಾನು ಬಂದಾಗ ಅವಳಿಗೆ ಮನಸ್ಸಿರಲಿಲ್ಲ. ಈಗ ತಾನಾಗಿಯೇ ಕೇಳಿದಳು, ಕೆಲಸ ಸಿಗುವವರೆಗೆ ಕಲಿಸಿ ಎಂದು. ಮೂರು ವಾರದಲ್ಲಿ ಕಾಗುಣಿತ ಮುಗಿಸಿದ್ದಾಳೆ. ಇಂಥ ಶಿಷ್ಯೆ ಮೂವತ್ತನಾಲ್ಕು ವರ್ಷದಲ್ಲಿ ನಾಲ್ಕೈದು ಮಂದಿ ಸಿಕ್ಕಿರಬಹುದು. ಮನಸ್ಸು ತುಂಬಿತ್ತು.

ಇಂದು ಮಧ್ಯಾಹ್ನ ಊಟದ ಮೇಜಿನ ಬಳಿ ಅವಳ ದನಿ ಕೇಳಿಸಿತು. ಒಂದೊಂದೇ ಅಕ್ಷರ ಹೆಕ್ಕುತ್ತಿದ್ದಳು.

"ಬು-ಧ-ವಾ-ರ. ಎ-ದಿ. ಡ-ವ-ಡ-ವ. ಒಂ-ದು ತಾ-ಸು." ತಲೆಯೆತ್ತಿದಳು. "ಅತ್ಯಾ, ಡವಡವ ಅಂದ್ರ ವಾಟ್?"

ಅವಳ ಕೈಯಲ್ಲಿದ್ದುದು ಅಪ್ಪನ ವಹಿ.

"ಅದು ಅಶುದ್ಧ ಬರಹ. ಅದನ್ನು ನೋಡಿ ಕಲಿತರೆ ನಿನ್ನ ಕನ್ನಡ ಕೆಡುತ್ತದೆ," ಎಂದು ಕೈಯಿಂದ ತೆಗೆದುಕೊಂಡೆ.

"ಬಟ್ ಐ ರೆಡ್ ಇಟ್. ನಾನೇ ಓದಿದೆ, ಅತ್ಯಾ. ನೀವು ಗುಡ್ ಅನ್ನಬೇಕಲ್ಲಾ."

"ಒಳ್ಳೆಯದು," ಎಂದೆ. ವಹಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಓದು ಓದು ಎಂದವಳು, ಒಂದು ಮಗು ಓದಿತೆಂದು ಪುಸ್ತಕ ಬಚ್ಚಿಟ್ಟೆ.

ದಾನವ್ವ ನೆನಪಾದಳು. ಬರೆಯಬಾರದೆಂದುಕೊಂಡಿದ್ದೆ, ಬರೆಯುತ್ತೇನೆ. ನಾನು ಮುಖ್ಯೋಪಾಧ್ಯಾಯಿನಿಯಾದ ಎರಡನೆಯ ವರ್ಷ. ಹತ್ತನೆಯ ತರಗತಿಯಲ್ಲಿ ಇಪ್ಪತ್ತೊಂಬತ್ತು ಹುಡುಗಿಯರು. ಇಪ್ಪತ್ತೆಂಟು ಮಂದಿ ತೇರ್ಗಡೆಯಾಗುವುದು ಖಚಿತ. ದಾನವ್ವನ ಗಣಿತ ಮಾತ್ರ ಅನುಮಾನ. ಪರೀಕ್ಷೆಗೆ ಅರ್ಜಿ ತುಂಬುವ ದಿನ ಅವಳನ್ನು ಕೋಣೆಗೆ ಕರೆದು, "ಈ ವರ್ಷ ಬೇಡ ಮಗಳೇ, ಮುಂದಿನ ವರ್ಷ ಕುಳಿತುಕೋ," ಎಂದೆ. "ಆತ್ರೀ ಅಕ್ಕೋರೆ," ಎಂದಳು. ಫಲಿತಾಂಶ ನೂರಕ್ಕೆ ನೂರು ಬಂತು. ಜಿಲ್ಲೆಯ ಫಲಕವನ್ನು ನಾನೇ ಹೋಗಿ ಇಸಿದುಕೊಂಡೆ. ಮುಂದಿನ ವರ್ಷ ದಾನವ್ವನ ಮದುವೆಯಾಯಿತು. ಅವಳು ತೇರ್ಗಡೆಯಾಗುತ್ತಿದ್ದಳೋ ಇಲ್ಲವೋ, ಈಗ ಯಾರೂ ಹೇಳಲಾರರು.

೧೩ ಮಾರ್ಚ್ ೨೦೦೧, ಮಂಗಳವಾರ

ಹದಿನೆಂಟು ತಿಂಗಳ ತಪಾಸಣೆ. ಬೆಳಿಗ್ಗೆ ಐದೂವರೆಗೆ ಹೊರಟರೂ ಫ್ರೀವೇಯಲ್ಲಿ ಮೂರು ಗಂಟೆ. ಸ್ನೇಹಲ್ ಕಾರು ಓಡಿಸಿದಳು. ಸೋಮಲಿಂಗ ದಾರಿಯುದ್ದಕ್ಕೂ ಬಂದರಿನ ಕ್ರೇನುಗಳನ್ನು ಕಾಣುವ ಆಸೆಯಿಂದ ಕಿಟಕಿಗೆ ಅಂಟಿಕೊಂಡಿದ್ದ.

ವೈದ್ಯರು ನನ್ನ ಹದಿನೆಂಟು ಪಟ್ಟಿಗಳನ್ನೂ ಒಂದರ ಪಕ್ಕ ಒಂದು ಹರಡಿದರು. ಸೋಮವಾರದ ಗೆರೆಗಳೂ ಸರಿಯಾಗಿದ್ದವು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನ ಎದೆ ಯಾವಾಗಲೂ ಶಿಸ್ತಿನಿಂದಿರುತ್ತದೆ. ಅವರು ಹೇಳಿದ್ದನ್ನು ಪದ್ಮಜಾ ಕನ್ನಡದಲ್ಲಿ ಹೇಳಿದಳು.

"ಅಂಕಲ್, ಡಾಕ್ಟ್ರು ಹೇಳ್ತಿದಾರೆ, ನಿಮ್ಮ ರೆಕಾರ್ಡ್ ಪರ್ಫೆಕ್ಟು ಅಂತ. ಇವತ್ತಿಂದ ವಾರ್ಫರಿನ್, ಅದೇ ಬ್ಲಡ್ ಥಿನ್ನರ್, ನಿಲ್ಲಿಸ್ಬೋದು. ನಿಮ್ಗೇನಾದ್ರೂ ಹೇಳೋದಿದ್ಯಾ?"

ಹೃದಯದ ಮೇಲ್ಕೋಣೆ ಸರಿಯಾಗಿ ಹಿಂಡದೆ ಅದುರುತ್ತ ನಿಂತರೆ ಒಳಗಿನ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋಗಬಹುದು. ಹಾಗಾಗದಂತೆ ಕಾಯುವುದು ಆ ಗುಳಿಗೆ. ಹೊತ್ತಗೆಯ ಒಂಬತ್ತನೆಯ ಪುಟದಲ್ಲಿದೆ. ಆ ಪುಟವನ್ನು ಅವನಿಗೆ ಓದಿ ಹೇಳಿದವಳೂ ನಾನೇ.

ಸೋಮಲಿಂಗ ನನ್ನ ಕಡೆ ನೋಡಿದ. ಚಿಕ್ಕವನಿದ್ದಾಗ ಶಾಲೆಯ ತಪಾಸಣಾಧಿಕಾರಿ ಪ್ರಶ್ನೆ ಕೇಳಿದರೆ ಹೀಗೆಯೇ ನೋಡುತ್ತಿದ್ದ. ನಾನು ಬಾಯಿ ತೆರೆಯಬೇಕಿತ್ತು. ಕೋಣೆಯಲ್ಲಿ ಇಬ್ಬರು ಎಳೆಯ ವೈದ್ಯರೂ ಇದ್ದರು; ಒಬ್ಬಾಕೆ ನನ್ನ ಕೈಬರಹವನ್ನು ಬೆರಳಿನಿಂದ ತೋರಿಸಿ ಇನ್ನೊಬ್ಬನಿಗೆ ಏನೋ ಹೊಗಳುತ್ತಿದ್ದಳು.

"ಏನೂ ಇಲ್ಲರಿ," ಎಂದ ಸೋಮಲಿಂಗ.

ಪದ್ಮಜಾ ಬಾಗಿಲವರೆಗೆ ಬಂದಳು. "ಟೀಚರ್, ನಿಮ್ಮ ಶೀಟ್ಸ್ ನೋಡಿದ್ರೆ ಖುಷಿ ಆಗತ್ತೆ. ಮಿಕ್ಕೋರೆಲ್ಲ ಕಾಫಿ ಚೆಲ್ಲಿ ಕಳಿಸ್ತಾರೆ."

೧೫ ಮಾರ್ಚ್ ೨೦೦೧, ಗುರುವಾರ

ಗುಳಿಗೆಯ ಸೀಸೆ ಇನ್ನೂ ಅಡುಗೆಮನೆಯ ಕಿಟಕಿಯಲ್ಲಿದೆ. ಎಸೆಯಲಿಲ್ಲ. ಕೊಡಲೂ ಇಲ್ಲ.

೨೪ ಮಾರ್ಚ್ ೨೦೦೧, ಶನಿವಾರ

ಆ ಗುಳಿಗೆ ನುಂಗುವವರು ಸೊಪ್ಪನ್ನು ಅಳತೆಮಾಡಿ ತಿನ್ನಬೇಕು; ಹೆಚ್ಚಾದರೆ ಗುಳಿಗೆಯ ಬಲ ಕುಗ್ಗುತ್ತದೆ. ಈಗ ಅಂಕೆಯಿಲ್ಲ. ಸೋಮಲಿಂಗ ಅಂಗಡಿಯಿಂದ ಎಂಟು ಕಟ್ಟು ಮೆಂತ್ಯ ಹೊತ್ತು ತಂದ. ತಾನೇ ಬಿಡಿಸಿದ, ತಾನೇ ಪಲ್ಯ ಮಾಡಿದ. ಮೂರು ರೊಟ್ಟಿ ತಿಂದು, "ಒಂದೂವರಿ ವರ್ಷ ಆತ ಅಕ್ಕಾ, ಹೊಟ್ಟಿ ತುಂಬ ಮೆಂತೆ ತಿಂದು. ನೀ ಹಟಾ ಹಿಡದು ಮಾಡಿಸಿದ್ದಕ್ಕ ಇದು," ಎಂದ.

ಮಾತನ್ನು ತಿದ್ದಲು ಮನಸ್ಸಾಗಲಿಲ್ಲ. ನನ್ನ ತಟ್ಟೆಯಲ್ಲಿದ್ದ ಪಲ್ಯವನ್ನು ಅವನ ತಟ್ಟೆಗೆ ಬಡಿಸಿದೆ. ಹೇಳಿಬಿಡಬೇಕು. ಸೋಮವಾರ ಫೋನು ಮಾಡುವಾಗ ಪದ್ಮಜಾಗೆ ಹೇಳುತ್ತೇನೆ.

೨೬ ಮಾರ್ಚ್, ಸೋಮವಾರ

ಹೇಳಲಿಲ್ಲ.

೨ ಏಪ್ರಿಲ್, ಸೋಮವಾರ

ಹೇಳಲಿಲ್ಲ. ಗೆರೆ ಸರಿಯಾಗಿತ್ತು.

೫ ಏಪ್ರಿಲ್ ೨೦೦೧, ಗುರುವಾರ

ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿದ್ದ. ಎಡಗೈಯಲ್ಲಿದ್ದ ಚಹಾದ ಕಪ್ಪು ಜಾರಿತು. ಅದನ್ನು ಸುಮ್ಮನೆ ನೋಡುತ್ತ ಕುಳಿತ. "ಸೋಮಲಿಂಗಾ" ಎಂದರೆ ಬಾಯಿಯ ಒಂದು ಮಗ್ಗುಲು ಮಾತ್ರ ಅಲುಗಿತು. ಬಂದದ್ದು ಮಾತಲ್ಲ.

ಸ್ನೇಹಲ್ ಫೋನಿಗೆ ಓಡಿದಳು. ಆಂಬುಲೆನ್ಸ್ ಎಂಟು ನಿಮಿಷಕ್ಕೆ ಬಂತು. ಅಷ್ಟು ಹೊತ್ತು ಅವನ ಕುತ್ತಿಗೆಯ ನಾಡಿಯ ಮೇಲೆ ನನ್ನ ಬೆರಳಿತ್ತು. ತಾಳವಿರಲಿಲ್ಲ.

ನಿನ್ನೆ ಅವನು ಎರಡು ಸಲ ಗರಾಜಿಗೆ ಹೋಗಿ, ದೀಪ ಹಾಕದೆ, ಸ್ಟೂಲಿನ ಮೇಲೆ ಕುಳಿತಿದ್ದ. ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಕೇಳಲಿಲ್ಲ.

೭ ಏಪ್ರಿಲ್ ೨೦೦೧, ಶನಿವಾರ

ಮಾತು ಮರಳಿದೆ. ಬಾಯಿ ನೆಟ್ಟಗಾಗಿದೆ. ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಸ್ಪರ್ಶವಿಲ್ಲ. ಬರಬಹುದು, ಬಾರದಿರಬಹುದು ಎಂದರು. ಗುಳಿಗೆ ಮತ್ತೆ ಶುರುವಾಗಿದೆ.

ನಿನ್ನೆ ಓಕ್ಲ್ಯಾಂಡಿನ ಆಸ್ಪತ್ರೆಗೆ ವರ್ಗಾಯಿಸಿದ್ದರು. ಇಂದು ಪದ್ಮಜಾ ರಜೆಯಿದ್ದರೂ ಬಂದಳು. ಕೋಣೆಯಲ್ಲಿ ಸೋಮಲಿಂಗ, ಸ್ನೇಹಲ್, ನಾನು. ಅವಳು ಹೂವಿನ ಗೊಂಚಲು ಇಡುವ ಮೊದಲೇ ಹೇಳಿದೆ. ಸೀರೆಗಳ ಕೆಳಗಿದ್ದ ವಹಿಯನ್ನು ಚೀಲದಲ್ಲಿ ತಂದಿದ್ದೆ. ಫೆಬ್ರುವರಿಯಿಂದ ಈಚೆಗೆ ಅವನು ಅದನ್ನು ಕೇಳಿಯೂ ಇರಲಿಲ್ಲ.

"ಇದು ಅವನು ಬರೆದದ್ದು. ನಿಮಗೆ ಕಳುಹಿಸಿದ ಪಟ್ಟಿಗಳಲ್ಲಿ ಇದರ ಆರು ಸಂಗತಿಗಳಿಲ್ಲ. ನಾನು ಬಿಟ್ಟೆ. ಅವನಿಗೆ ತಿಳಿಯದು. ಫೋನು ಮಾಡಲು ಕೇಳಿದಾಗಲೂ ನಾನೇ ತಡೆದೆ."

ಪದ್ಮಜಾ ವಹಿಯ ಹಾಳೆಗಳನ್ನು ತಿರುಗಿಸಿದಳು.

"ಯಾಕೆ ಟೀಚರ್?"

ಉತ್ತರವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಹೂವಿನ ಗೊಂಚಲನ್ನು ಎತ್ತಿ ನೀರಿನ ಲೋಟದಲ್ಲಿಟ್ಟೆ.

"ನಿಮ್ಮ ಶೀಟ್ಸ್ ನಂಬ್ಕೊಂಡು ಮಾತ್ರೆ ನಿಲ್ಸಿದ್ವಿ ನಾವು. ಹೋದ ತಿಂಗಳು ಇನ್ನೊಬ್ರು ಪೇಷಂಟು ಅಂಕಲ್ ಕಥೆ ಕೇಳಿ ಪ್ರೊಸೀಜರ್‌ಗೆ ಸೈನ್ ಮಾಡಿದಾರೆ, ಗೊತ್ತಾ? ನಾನೇ ಹೇಳಿದ್ದೆ ಅವ್ರಿಗೆ." ಅವಳ ದನಿ ಏರಲಿಲ್ಲ. "ಡಾಕ್ಟ್ರಿಗೆ ಹೇಳ್ಲೇಬೇಕು. ಸಾರಿ."

"ಹೇಳು," ಎಂದೆ.

ಸ್ನೇಹಲ್ ಕಿಟಕಿಯ ಕಡೆ ತಿರುಗಿದ್ದಳು. "ಐ ರೆಡ್ ಇಟ್," ಎಂದಳು, ಗಾಜಿಗೆ ಹೇಳುವವಳಂತೆ. "ಫೆಬ್ರುವರಿಯಾಗ ನಾನು ಓದಿದ್ದೆ, ಅತ್ಯಾ. ನಿಮ್ಮನ್ನ ಕೇಳಿದ್ದೆ."

ಆಮೇಲೆ ಹಾಸಿಗೆಯಿಂದ ಸೋಮಲಿಂಗನ ಮಾತು ಬಂತು. ನಾಲಿಗೆ ಇನ್ನೂ ತುಸು ದಪ್ಪ. "ಆರು ಅಲ್ಲವ್ವಾ, ಪದ್ಮಜಾ. ಫ್ಯಾಕ್ಟರಿಯಾಗ ನನ್ನ ಲಾಕರ್‌ಕ ಒಂದ ಕ್ಯಾಲೆಂಡರ್ ಐತಿ. ಹಾರಿದಾಗೆಲ್ಲ ಪೆನ್ಸಿಲ್‌ಲೇ ಒಂದ ಗೀರು ಹಾಕೀನಿ. ಇಪ್ಪತ್ತು ಇಪ್ಪತ್ತೈದು ಇರಬೇಕು. ಮಂಗಳವಾರದಿಂದ ಅಂತೂ ಬಿಟ್ಟೇ ಇಲ್ಲ."

ನಾನು ಅವನನ್ನು ನೋಡಿದೆ. "ವಹಿಯಲ್ಲಿ ಯಾಕೆ ಬರೆಯಲಿಲ್ಲ?"

"ವಹಿ ನೀ ಓದತಿದ್ಯಲ್ಲ ಅಕ್ಕಾ. ಡವಡವ ಅಂತ ಬರದ ದಿನಾ ನಿನ್ನ ಮಾರಿ ನೋಡಾಕ ಆಗತಿರಲಿಲ್ಲ. ತಿಂಗಳಿಗೆ ಒಂದು ಎರಡು ಬರದ್ರ ತಡಕೋತಿ ಅಂತ ಅಷ್ಟ ಬರದೆ." ಎಡಗೈಯ ಬೆರಳುಗಳನ್ನು ಬಲಗೈಯಿಂದ ತಿಕ್ಕುತ್ತ, "ಅದನ್ನೂ ನೀ ತಡಕೊಳ್ಳಲಿಲ್ಲ," ಎಂದ.

ನಗಲು ನೋಡಿದ. ಯಾರೂ ನಗಲಿಲ್ಲ.

ನಾನು ಅವನ ಹೃದಯವನ್ನು ತಿದ್ದುವ ಮೊದಲೇ ಅವನು ಅದನ್ನು ನನಗಾಗಿ ತಿದ್ದಿ ಕೊಟ್ಟಿದ್ದ. ಮನೆಯಲ್ಲಿ ನಿಜವನ್ನು ಹೇಳಬಾರದ ವ್ಯಕ್ತಿ ಒಬ್ಬಳಿದ್ದಳು, ಅದು ನಾನು.

೧೨ ಏಪ್ರಿಲ್ ೨೦೦೧, ಗುರುವಾರ

ಸೋಮಲಿಂಗನನ್ನು ಮನೆಗೆ ಕಳುಹಿಸಿದ್ದಾರೆ. ಸ್ನೇಹಲ್ ಕಾರ್ಖಾನೆಗೆ ಹೋಗಿ ಕ್ಯಾಲೆಂಡರನ್ನು ತಂದಳು. ಇಪ್ಪತ್ತಮೂರು ಗೀರುಗಳು. ಅವಳು ಐದು ದಿನದಿಂದ ನನ್ನೊಡನೆ ಅಗತ್ಯವಿದ್ದಷ್ಟೇ ಮಾತನಾಡುತ್ತಾಳೆ, ಅದೂ ಇಂಗ್ಲಿಷಿನಲ್ಲಿ. ಪಾಠ ನಿಂತಿದೆ. ಕೇಳುವ ಹಕ್ಕು ನನಗಿಲ್ಲ.

ಆಸ್ಪತ್ರೆಯವರು ಬರವಣಿಗೆಯಲ್ಲಿ ವಿವರಣೆ ಬೇಕೆಂದಿದ್ದಾರೆ. ನಾಲ್ಕು ಪುಟ ಬರೆದೆ. ಸೋಮಲಿಂಗ ಓದಿಸಿ ಕೇಳಿದ.

"ಇದರಾಗ ಬರೇ ನೀನ ತುಂಬೀದಿ," ಎಂದ. "ನಿನ್ನ ತಪ್ಪು, ನಿನ್ನ ಪಶ್ಚಾತ್ತಾಪ, ನಿನ್ನ ದಾನವ್ವ. ಅವರಿಗೆ ಬೇಕಾಗಿದ್ದು ತಾರೀಖು."

ಮತ್ತೆ ಬರೆಯಲು ಕುಳಿತೆವು. ಅವನು ಹೇಳಿದ, ನಾನು ಇಂಗ್ಲಿಷಿಗೆ ಇಳಿಸಿದೆ. ತಾರೀಖು, ಎಷ್ಟು ಹೊತ್ತು, ಏನು ಮಾಡುತ್ತಿದ್ದ. ಕೆಲವಕ್ಕೆ "ನೆನಪಿಲ್ಲ" ಎಂದ. ನೆನಪಿಲ್ಲ ಎಂದೇ ಬರೆದೆ. ಅಕ್ಟೋಬರ್ ಐದಕ್ಕೆ ಬಂದಾಗ, "ಮಜ್ಜಿಗಿ ಕುಡದೆ, ಕಡಿಮಿ ಆಗಲಿಲ್ಲ, ಆತು ಅಂದೆ, ಹಂಗ ಬರಿ," ಎಂದ.

ಹಾಗೆ ಬರೆದೆ. ಒಂದೂವರೆ ಪುಟವಾಯಿತು. ಕೊನೆಯಲ್ಲಿ, ರೋಗಿಯ ಅಕ್ಕ ಆರು ಸಂಗತಿಗಳನ್ನು ಬೇಕೆಂದೇ ಬಿಟ್ಟಳೆಂದು ಸೇರಿಸಿ ನನ್ನ ಸಹಿ ಹಾಕಿದೆ. ಅವನು ಬೇಡವೆನ್ನಲಿಲ್ಲ. ಬೇಡವೆನ್ನಬಹುದೆಂದು ಒಂದು ಕ್ಷಣ ಕಾದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

೧೯ ಏಪ್ರಿಲ್ ೨೦೦೧, ಗುರುವಾರ

ಪದ್ಮಜಾ ಫೋನು ಮಾಡಿದಳು. ಅಧ್ಯಯನದ ಲೆಕ್ಕದಲ್ಲಿ ಸೋಮಲಿಂಗನನ್ನು ಗುಣವಾದವರ ಸಾಲಿನಿಂದ ತೆಗೆದು, ರೋಗ ಮರಳಿದವರ ಸಾಲಿಗೆ ಹಾಕಿದ್ದಾರೆ. ಉಳಿದ ರೋಗಿಗಳ ಪಟ್ಟಿಗಳನ್ನೂ ಇನ್ನೊಮ್ಮೆ ಪರೀಕ್ಷಿಸುತ್ತಾರಂತೆ. ಚಿಕಿತ್ಸೆಗೆ ಒಪ್ಪಿದ್ದ ಆ ಇನ್ನೊಬ್ಬರಿಗೆ ನಿಜ ತಿಳಿಸಿದ್ದಾರೆ. ಅವರು ಯೋಚಿಸಲು ಸಮಯ ಕೇಳಿದ್ದಾರೆ.

"ಅಂಕಲ್ ಬೇಕು ಅಂದ್ರೆ ಇನ್ನೊಂದ್ ಸಲ ಅಬ್ಲೇಷನ್, ಅದೇ ಸುಡೋದು, ಮಾಡ್ತಾರೆ. ಎರಡ್ನೇ ಸಲಕ್ಕೆ ತುಂಬಾ ಜನಕ್ಕೆ ಸರಿ ಹೋಗಿದೆ. ನೀವೇನಂತೀರಾ, ಟೀಚರ್?"

"ಅವನನ್ನು ಕೇಳು," ಎಂದು ಫೋನನ್ನು ಅವನ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಬಟ್ಟೆ ಒಣಹಾಕಿದೆ. ಗೋಡೆಯಾಚೆಯ ಹೊಲದಲ್ಲಿ ನೀರು ಬಿಟ್ಟಿದ್ದರು. ಒಳಗಿನ ಮಾತು ಕೇಳಿಸುವಷ್ಟು ಹತ್ತಿರ ನಿಲ್ಲಬಾರದೆಂದು ಬೇಲಿಯವರೆಗೂ ನಡೆದೆ.

ಊಟದ ಹೊತ್ತಿಗೆ ತಾನೇ ಹೇಳಿದ. "ಸದ್ಯ ಗುಳಿಗಿ. ಆರು ತಿಂಗಳು ನೋಡತೀನಿ. ಮತ್ತ ಸುಡಸೂದು ಬಿಡೂದು ಆಮ್ಯಾಲೆ ನಾ ಹೇಳತೀನಿ ಅಂದೆ."

"ಆಯಿತು," ಎಂದೆ. ಹೊತ್ತಗೆಯಲ್ಲಿ ಎರಡನೆಯ ಚಿಕಿತ್ಸೆಯ ಬಗ್ಗೆ ಹದಿನಾಲ್ಕನೆಯ ಪುಟದಲ್ಲಿದೆ. ಹೇಳಲಿಲ್ಲ. ಅವನು ಕೇಳಿದರೆ ಹೇಳುತ್ತೇನೆ.

ಸ್ನೇಹಲ್ ತಟ್ಟೆ ಎತ್ತುವಾಗ ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋದಳು.

೨೩ ಏಪ್ರಿಲ್ ೨೦೦೧, ಸೋಮವಾರ

ಎಂಟು ಗಂಟೆ. ಯಂತ್ರ ಈಗ ಅವನ ಕೋಣೆಯಲ್ಲೇ ಇರುತ್ತದೆ. ತಾನೇ ತಂದ, ತಾನೇ ಅಂಗಿಯ ಗುಂಡಿ ಬಿಚ್ಚಿದ. ಯಂತ್ರದ ಬೆನ್ನಿಗೆ ನಾಲ್ಕು ಲೋಹದ ಕಾಲುಗಳಿವೆ. ನಾಲ್ಕೂ ಚರ್ಮಕ್ಕೆ ತಾಕದಿದ್ದರೆ ಗೆರೆ ಸುಳ್ಳು ಬೀಳುತ್ತದೆ. ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಯಂತ್ರ. ಎಡಗೈಯ ಆ ಎರಡು ಬೆರಳುಗಳು ಒತ್ತುತ್ತಿವೆಯೋ ಇಲ್ಲವೋ ಅವನಿಗೆ ತಿಳಿಯದು. ನಲವತ್ತು ವರ್ಷ ಕತ್ತಲಲ್ಲೂ ಬೆರಳಿನಿಂದಲೇ ನಟ್ಟು ಬೋಲ್ಟು ಹುಡುಕುತ್ತಿದ್ದ ಕೈ.

"ಹತ್ತೈತೇನ, ಅಕ್ಕಾ?" ಎಂದ.

ಕನ್ನಡಕ ಹಾಕಿಕೊಂಡು ಬಾಗಿ ನೋಡಿದೆ. ಕೆಳಗಿನ ಒಂದು ಕಾಲು ಮೇಲೆದ್ದಿತ್ತು.

"ಇಲ್ಲ."

ಸರಿಸಿದ. "ಈಗ?"

"ಇಲ್ಲ."

ಆ ತುದಿಯಲ್ಲಿ ಪದ್ಮಜಾ ಕಾಯುತ್ತಿದ್ದಳು. ಅವನಿಗೆ ಬೇಸರವಾಗಿತ್ತು. ಮೂರನೆಯ ಸಲ ಒತ್ತಿ, ನನ್ನ ಮುಖವನ್ನೇ ನೋಡಿದ.

"ಈಗ ಹತ್ತೈತಿ," ಎಂದೆ.

ಕೀರಲು ದನಿ ಹೊರಟಿತು. ಮೂರು ಬಡಿತ ಓಡಿ, ಒಂದು ತಡೆದು, ಎರಡು ಒಂದರ ಮೇಲೊಂದು ಬಿದ್ದವು. ಇಬ್ಬರೂ ಕೊನೆಯವರೆಗೆ ಕೇಳಿದೆವು.